ಕೌನ್ಸಿಲರ್ ಪುಟಕ್ಕೆ ನೆಂಟರಲ್ಲದ ಸಾಕ್ಷಿ

ಕೀಲ್ಪಾಕಿನ ಪೊನ್ನಪ್ಪ ಮುದಲಿ ಬೀದಿಯಲ್ಲಿ ತಿರುಮಲರಾಯರು ಹಳದಿ ಚೀಲ ಹಿಡಿದು ಯಾರ ಮನೆಯ ಮುಂದಾದರೂ ನಿಂತರೆ, ಒಳಗಿದ್ದವರು ಬಾಗಿಲು ತೆರೆಯುವ ಮೊದಲು ತಮ್ಮ ಮನೆಯವರೆಲ್ಲ ಇದ್ದಾರೆಯೇ ಎಂದು ಒಮ್ಮೆ ಎಣಿಸಿಕೊಳ್ಳುತ್ತಿದ್ದರು. ತಪ್ಪು ಅವರದಲ್ಲ. ರಾಯರು ಮೂವತ್ತನಾಲ್ಕು ವರ್ಷ ವಿಮಾ ಕಚೇರಿಯಲ್ಲಿ ಕೆಲಸ ಮಾಡಿದ್ದು ಒಂದೇ ಒಂದು ವಿಭಾಗದಲ್ಲಿ. ಪಾಲಿಸಿ ಮಾಡಿಸಿದವರು ಸತ್ತರೆ, ಅವರು ನಿಜವಾಗಿ ಸತ್ತರೇ, ಸತ್ತದ್ದು ಹೇಗೆ, ಬದುಕಿದ್ದಾಗ ಏನಾದರೂ ಕಾಯಿಲೆ ಮುಚ್ಚಿಟ್ಟಿದ್ದರೇ ಎಂದು ಮನೆಮನೆಗೆ ಹೋಗಿ ವಿಚಾರಿಸಿ ಬರುವ ವಿಭಾಗ ಅದು.

ಆ ಕೆಲಸದಲ್ಲಿ ರಾಯರನ್ನು ಮೀರಿಸಿದವರಿಲ್ಲ. ಒಮ್ಮೆ ಸೌಕಾರ್‌ಪೇಟೆಯಲ್ಲಿ ಸತ್ತವನೇ ಬಂದು ಬಾಗಿಲು ತೆರೆದು "ಯಾರು ಬೇಕಿತ್ತು?" ಎಂದನಂತೆ. ರಾಯರು ಗಾಬರಿಯಾಗಲಿಲ್ಲ. "ನೀವೇ" ಎಂದು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೂತು, ಫಾರಂ ತೆಗೆದರು.

ಅವರ ಫಾರಂನ ಕೊನೆಯಲ್ಲಿ ಒಂದು ಸಾಲಿತ್ತು: ಸಂಬಂಧಿಕರಲ್ಲದ, ಈ ವಿಷಯದಿಂದ ಯಾವ ಲಾಭವೂ ಇಲ್ಲದ ಇಬ್ಬರು ಸಾಕ್ಷಿಗಳು. ಆ ಸಾಲು ಕಾಗದದಿಂದ ಇಳಿದು ರಾಯರ ರಕ್ತದಲ್ಲಿ ಸೇರಿಹೋಗಿತ್ತು. ಜಯಲಕ್ಷ್ಮಿಯನ್ನು ನೋಡಲು ಹೋದಾಗ ಹುಡುಗಿಯ ಚಿಕ್ಕಪ್ಪ, "ನಮ್ಮ ಹುಡುಗಿ ದೇವರನಾಮ ಚೆನ್ನಾಗಿ ಹಾಡ್ತಾಳೆ" ಎಂದದ್ದಕ್ಕೆ, "ನೀವು ಚಿಕ್ಕಪ್ಪ. ಬೇರೆ ಯಾರಾದರೂ ಕೇಳಿದ್ದಾರೆಯೇ?" ಎಂದು ವಿನಯದಿಂದಲೇ ವಿಚಾರಿಸಿದ್ದರು. ಜಯಲಕ್ಷ್ಮಮ್ಮ ಅಂದಿನಿಂದ ಇಂದಿನವರೆಗೆ ಗಂಡನ ಎದುರಿಗೆ ಹಾಡಿಲ್ಲ. "ಕೇಳಿ ಚೆನ್ನಾಗಿದೆ ಅನ್ನೋಕೆ ನೀವೀಗ ನೆಂಟರಾದಿರಲ್ಲ, ನಿಮ್ಮ ಸಾಕ್ಷಿ ನಡೆಯಲ್ಲ" ಎನ್ನುತ್ತಿದ್ದರು.

ತೊಂಬತ್ತೆಂಟರಲ್ಲಿ ರಾಯರು ನಿವೃತ್ತರಾದರು. ಸಾಯುವವರು ಸಾಯುತ್ತಲೇ ಇದ್ದರು, ವಿಚಾರಿಸಿಕೊಂಡು ಬಾ ಎಂದು ಕಳಿಸುವವರು ಮಾತ್ರ ಇರಲಿಲ್ಲ. ಮನೆಯಲ್ಲೇ ವಿಚಾರಣೆ ಶುರುವಾಯಿತು. ಹುಳಿಗೆ ಉಪ್ಪು ಹಾಕಿದ್ದೀಯಾ, ಹಾಕಿದ್ದನ್ನು ಕಂಡವರು ಯಾರು ಎಂಬ ಹಂತ ತಲುಪಿದಾಗ ಜಯಲಕ್ಷ್ಮಮ್ಮ, ಪುಣೆಯಲ್ಲಿ ಬ್ಯಾಂಕಿನಲ್ಲಿರುವ ಮಗಳು ವೃಂದಾಗೆ ಇ-ಮೇಲ್ ಬರೆಯುವ ನೆಪದಲ್ಲಿ ಅವರನ್ನು ಬೀದಿಯ ಮೂಲೆಯ ಬ್ರೌಸಿಂಗ್ ಸೆಂಟರಿಗೆ ಅಟ್ಟಿದರು.

ಆ ಸೆಂಟರ್ ಮಧುರಾಳದು. ಅವಳ ಅಜ್ಜ ಹುಬ್ಬಳ್ಳಿಯಿಂದ ಪೆರಂಬೂರಿನ ರೈಲ್ವೆ ಕಾರ್ಖಾನೆಗೆ ಬಂದವರು. ಮಧುರಾಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಅರ್ಧ ತಮಿಳು ಬರುತ್ತದೆ. ಆರು ಕಂಪ್ಯೂಟರು, ಒಂದು ಜೆರಾಕ್ಸು, ಜೊತೆಗೆ ಮದುವೆಯಿಂದ ತಿಥಿಯವರೆಗೆ ಎಲ್ಲಕ್ಕೂ ಡಿಜಿಟಲ್ ಬ್ಯಾನರು ಮಾಡಿಕೊಡುವ ಕೆಲಸ. "ಅಂಕಲ್, ಮೂರನೇ ಸಿಸ್ಟಂ ಖಾಲಿ, ಉಕ್ಕಾರುಂಗೊ" ಎಂದು ಅವಳು ಕೂರಿಸಿದ ಕುರ್ಚಿಯಿಂದ ರಾಯರು ಮತ್ತೆ ಏಳಲೇ ಇಲ್ಲ ಎನ್ನಬೇಕು.

ಏಕೆಂದರೆ ಅಲ್ಲಿ ಅವರಿಗೆ ಇಂಟರ್ನೆಟ್ಟಿನ ವಿಶ್ವಕೋಶವೊಂದು ಸಿಕ್ಕಿತು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ರಾಯರು ಸಂಕೋಚದಿಂದ ಕೀಲ್ಪಾಕಿನ ನೀರಿನ ಟ್ಯಾಂಕಿನ ಬಗ್ಗೆ ಒಂದು ವಾಕ್ಯ ಸೇರಿಸಿದರು. ಹತ್ತೇ ನಿಮಿಷದಲ್ಲಿ ನಾರ್ವೆ ದೇಶದ ಯಾವನೋ ಅದನ್ನು ಅಳಿಸಿ, "ಇದಕ್ಕೆ ಆಧಾರವೇನು?" ಎಂದು ಬರೆದ. ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರು. ರಾಯರ ಕಣ್ಣು ತುಂಬಿ ಬಂತು. ಮನೆಗೆ ಓಡಿ ಬಂದು, "ಲೇ ಜಯಾ, ಲೋಕದಲ್ಲಿ ನಾನೊಬ್ಬನೇ ಅಲ್ಲ ಕಣೇ!" ಎಂದರು.

"ಒಬ್ಬರೇ ಅಲ್ವಾ? ದೇವರೇ" ಎಂದರು ಜಯಲಕ್ಷ್ಮಮ್ಮ.

ವಿಶ್ವಕೋಶದ ಒಳಗೆ ಇನ್ನೊಂದು ಅಂಗಳವಿತ್ತು. ಯಾವ ಪುಟ ಇರಬೇಕು, ಯಾವುದು ಹೋಗಬೇಕು ಎಂದು ಐದು ದಿನ ಚರ್ಚಿಸಿ ತೀರ್ಮಾನಿಸುವ ಜಾಗ ಅದು. ಅಲ್ಲಿಗೆ ಬರುವ ಕಡತಗಳಲ್ಲಿ ಊರೂರಿನ ಪುಢಾರಿಗಳದೇ ಸಿಂಹಪಾಲು. ಪಂಚಾಯಿತಿ ಉಪಾಧ್ಯಕ್ಷರು, ಯುವಕರ ಘಟಕದ ಜಂಟಿ ಕಾರ್ಯದರ್ಶಿಗಳು, ಸೋತ ಅಭ್ಯರ್ಥಿಗಳು, ಸೋತವರ ಭಾವಮೈದುನರು. ನಿಯಮ ಸ್ಪಷ್ಟವಾಗಿತ್ತು. ಕೌನ್ಸಿಲರ್ ಎಂಬ ಒಂದೇ ಕಾರಣಕ್ಕೆ ಯಾರೂ ಒಳಗೆ ಬರುವಂತಿಲ್ಲ. ಅವರಿಂದ ಲಾಭವಿಲ್ಲದ ಬೇರೆಯವರು, ಅಚ್ಚಾದ ಪತ್ರಿಕೆಯಲ್ಲೋ ಪುಸ್ತಕದಲ್ಲೋ, ಅವರ ಬಗ್ಗೆಯೇ ವಿವರವಾಗಿ ಬರೆದಿರಬೇಕು.

ಓದುತ್ತ ಓದುತ್ತ ರಾಯರಿಗೆ ಮೈಜುಮ್ಮೆಂದಿತು. ಇದು ತಮ್ಮ ಫಾರಂನ ಕೊನೆಯ ಸಾಲೇ! ಅವರು ಅಲ್ಲಿ ತಮ್ಮ ಹಳೆಯ ವಿಭಾಗವನ್ನೂ ಕೆಲಸಕ್ಕೆ ಸೇರಿದ ವರ್ಷವನ್ನೂ ಕೂಡಿಸಿ ಕ್ಲೇಮ್ಸ್-1964 ಎಂಬ ಹೆಸರಿಟ್ಟುಕೊಂಡು ಕೂತರು. ಉಳಿದವರು "ಅಳಿಸಿ" ಎಂದು ಬರೆದರೆ ರಾಯರು "ಕ್ಲೇಮು ತಿರಸ್ಕೃತ" ಎಂದು ಬರೆಯುತ್ತಿದ್ದರು. ಎರಡು ವರ್ಷದಲ್ಲಿ ನಾರ್ವೆಯವನೂ ಹಾಗೇ ಬರೆಯಲು ಕಲಿತ.

ಹೀಗಿರುವಾಗ ಎರಡು ಸಾವಿರದ ಏಳರ ಮೇ ತಿಂಗಳು. ಸೋಮವಾರ ರಾಯರು ಮೂರನೇ ಸಿಸ್ಟಂನಲ್ಲಿ ಕೂತು ನೋಡುತ್ತಾರೆ, ಹೊಸದೊಂದು ಪುಟ. ಕಿವಿಗೆ ಸೆಲ್‌ಫೋನ್ ಹಿಡಿದು ನಗುತ್ತಿರುವ ಫೋಟೊ, ಕೆಳಗೆ "ವಾರ್ಡಿನ ಬೆಳ್ಳಿಚುಕ್ಕಿ, ಬಡವರ ಬಂಧು, ನಾನೂರು ಮಕ್ಕಳಿಗೆ ಜ್ಯಾಮಿಟ್ರಿ ಬಾಕ್ಸು ಕೊಟ್ಟ ದಾನಶೂರ" ಎಂದು ಇಂಗ್ಲಿಷಿನಲ್ಲಿ. ನೋಡಿದರೆ ತಮ್ಮ ಬೀದಿಯ ಕೌನ್ಸಿಲರ್ ಕನ್ನಿಯಪ್ಪನ್!

ಕನ್ನಿಯಪ್ಪನ್ ಅಂದರೆ ಆ ಬೀದಿಗೆ ನೀರು. ಬೇಸಿಗೆಯಲ್ಲಿ ನಲ್ಲಿ ಒಣಗಿದರೆ ದಿನ ಬಿಟ್ಟು ದಿನ ಲಾರಿಯಲ್ಲಿ ನೀರು ಬರುತ್ತಿತ್ತು. ಆ ಲಾರಿ ದೊಡ್ಡ ರಸ್ತೆಯಲ್ಲೇ ನಿಲ್ಲದೆ, ಹಿಮ್ಮುಖವಾಗಿ ಈ ಇಕ್ಕಟ್ಟು ಬೀದಿಯೊಳಗೆ ಬರುತ್ತಿದ್ದದ್ದು ಕನ್ನಿಯಪ್ಪನ್ ಡ್ರೈವರಿಗೆ ಮಾಡುವ ಒಂದು ಫೋನಿನಿಂದ. ಇದು ಎಲ್ಲರಿಗೂ ಗೊತ್ತು, ರಾಯರಿಗೂ ಗೊತ್ತು. ಆದರೂ ಅವರು ಒಂದು ಕ್ಷಣವೂ ಯೋಚಿಸದೆ ಪುಟವನ್ನು ಚರ್ಚೆಯ ಅಂಗಳಕ್ಕೆ ತಂದು ಹಾಕಿದರು. ಆಧಾರವಿಲ್ಲ, ಸಾಕ್ಷಿಯಿಲ್ಲ.

ಸ್ವಲ್ಪ ಹೊತ್ತಿಗೆ ಕೌಂಟರಿನಿಂದ ಮಧುರಾ ಕೂಗಿದಳು: "ಅಂಕಲ್, ನಿಮಗೆ ಆ ವಿಶ್ವಕೋಶದ ವಿಷಯ ಗೊತ್ತಲ್ಲ, ಇಲ್ಲಿ ನೋಡಿ. ನಾನು ಕೌನ್ಸಿಲರ್ ಸಾರ್‌ಗೆ ಕಷ್ಟಪಟ್ಟು ಒಂದು ಪುಟ ಮಾಡ್ಕೊಟ್ಟೆ. ಬ್ಯಾನರ್‌ನಲ್ಲಿ ಇದ್ದದ್ದನ್ನೇ ಇಂಗ್ಲಿಷ್ ಮಾಡಿ ಹಾಕ್ದೆ. ಯಾರೋ ಕ್ಲೇಮ್ಸ್ ಅಂತ ಒಂದು ಆಳ್, ಅಳಿಸ್ಬೇಕು ಅಂತಾನೆ. ಎಂಥಾ ಸಾವುಗ್ರಾಕಿ!"

"ಆ ಆಳು ನಾನೇಮ್ಮ" ಎಂದರು ರಾಯರು.

ಮಧುರಾ ಮೂರನೇ ಸಿಸ್ಟಂ ನೋಡಿದಳು, ತನ್ನ ಸಿಸ್ಟಂ ನೋಡಿದಳು. ನಡುವೆ ಇದ್ದದ್ದು ಎಂಟಡಿ. "ಅಯ್ಯೋ ಅಂಕಲ್! ಅವರ ಬ್ಯಾನರ್ ಎಲ್ಲಾ ನನಗೇ ಬರೋದು. ಅದು ಪೋಗಟ್ಟುಂ, ಹೋಗಲಿ, ಲಾರಿ ಮರೆತ್ರಾ? ಆಂಟಿಗೆ ಗೊತ್ತಾ?"

ಆಂಟಿಗೆ ಗೊತ್ತಾಗಲು ಹತ್ತು ನಿಮಿಷ ಹಿಡಿಯಿತು. ಮಧುರಾಳೇ ಹೋಗಿ ಹೇಳಿದಳು.

"ಅಲ್ರೀ," ಎಂದರು ಜಯಲಕ್ಷ್ಮಮ್ಮ, ಹಸಿರು ಪ್ಲಾಸ್ಟಿಕ್ ಬಿಂದಿಗೆಯನ್ನು ರಾಯರ ಕಾಲ ಬಳಿ ಕುಕ್ಕಿ, "ನಿಮ್ಮ ವಿಶ್ವಕೋಶ ಇದರಲ್ಲಿ ಹಿಡಿಯುತ್ತಾ? ಹಿಡಿಯೋದಾದ್ರೆ ಹೇಳಿ, ಅದರಲ್ಲೇ ಅನ್ನ ಬೇಯಿಸ್ತೀನಿ."

"ಇನ್ನೂ ಐದು ದಿನ ಇದೆ ಕಣೇ. ಆಧಾರ ಸಿಕ್ಕಿದರೆ ನಾನೇ ಪುಟ ಉಳಿಸ್ತೀನಿ. ವಿಚಾರಣೆ ಇಲ್ಲದೆ ಒಂದು ಕ್ಲೇಮನ್ನಾದರೂ ತಿರಸ್ಕರಿಸಿದ್ದೀನಾ ನಾನು?"

ಮಂಗಳವಾರ ಆಧಾರ ಹುಡುಕುವ ಕೆಲಸ ಅಡುಗೆಮನೆಯಲ್ಲೇ ಶುರುವಾಯಿತು. ಭಾನುವಾರಗಳಂದು ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುವ ಪುಕ್ಕಟೆ ವಾರಪತ್ರಿಕೆಯನ್ನು ಜಯಲಕ್ಷ್ಮಮ್ಮ ವರ್ಷಗಳಿಂದ ಕಪಾಟಿನ ಹಲಗೆಗಳಿಗೆ ಹಾಸುತ್ತಿದ್ದರು. ರಾಯರು ಬೇಳೆ ಡಬ್ಬಿ, ಮೆಂತ್ಯದ ಡಬ್ಬಿ ಎಲ್ಲ ಇಳಿಸಿ, ಕಾಗದ ಎಳೆದು, ಭೂತಗನ್ನಡಿ ಹಿಡಿದು ಓದಿದರು. ಕನ್ನಿಯಪ್ಪನ್ ಹೆಸರು ಹನ್ನೊಂದು ಕಡೆ ಇತ್ತು. ಹನ್ನೊಂದರಲ್ಲೂ ಒಂದೇ ಮಾತು: "ಕೌನ್ಸಿಲರ್ ಕನ್ನಿಯಪ್ಪನ್ ಕೂಡ ಉಪಸ್ಥಿತರಿದ್ದರು."

"ಉಪಸ್ಥಿತಿ ಸಾಲದು" ಎಂದು ರಾಯರು ನಿಟ್ಟುಸಿರಿಟ್ಟರು.

"ಡಬ್ಬಿಗಳೂ ಮೊದಲು ಉಪಸ್ಥಿತವಾಗಿದ್ದವು. ಅವನ್ನ ಮೇಲಿಡಿ" ಎಂದರು ಹೆಂಡತಿ.

ಬುಧವಾರ ರಾಯರು ಹಳದಿ ಚೀಲ ತೆಗೆದುಕೊಂಡು ಬೀದಿಗಿಳಿದರು. ಯಾರ ಬಳಿಯಾದರೂ ಕನ್ನಿಯಪ್ಪನ್ ಬಗ್ಗೆ ಬರೆದ ಹಳೆಯ ಪತ್ರಿಕೆ ಇದೆಯೇ ಎಂದು ಕೇಳುವುದಷ್ಟೇ ಉದ್ದೇಶ. ಆದರೆ ಮೂವತ್ತನಾಲ್ಕು ವರ್ಷದ ನಾಲಿಗೆ ಅದು. ಬಾಗಿಲು ತೆರೆದೊಡನೆ ತನಗೆ ತಿಳಿದ ಪ್ರಶ್ನೆಗಳನ್ನೇ ಕೇಳಿತು. ಬೀದಿಯ ಮೂಲೆಯಲ್ಲಿ ಹೂ ಮಾರುವ ಸಾಕಮ್ಮ, ಹೊಸೂರು ಕಡೆಯವಳು, ಮೊದಲು ಸಿಕ್ಕಿದಳು.

"ಸಾಕಮ್ಮ, ಕನ್ನಿಯಪ್ಪನ್ ಅವರನ್ನ ನೀವು ಎಷ್ಟು ವರ್ಷದಿಂದ ಬಲ್ಲಿರಿ?"

"ಆ ಯಪ್ಪ ಚಡ್ಡಿ ಇಕ್ಕೊಂಡಿದ್ ಕಾಲ್ದಿಂದ. ಯಾಕ್ ಸಾಮಿ?"

"ಕೊನೆಯ ಸಲ ನೋಡಿದ್ದು ಯಾವಾಗ?"

ಸಾಕಮ್ಮನ ಕೈಯ ದಾರ ನಿಂತಿತು. ಅವಳ ಕಣ್ಣು ಹಳದಿ ಚೀಲದ ಮೇಲೆ ಬಿತ್ತು. ಅವಳ ಗಂಡ ಸತ್ತಾಗ ಬಂದಿದ್ದೂ ಅದೇ ಚೀಲ. "ಮೊನ್ನೆ... ಸೋಮಾರ..." ಎಂದಳು.

"ಆಗ ಆರೋಗ್ಯ ಹೇಗಿತ್ತು?"

"ಅಯ್ಯೋ ನನ್ನಪ್ಪಾ!" ಎಂದು ಸಾಕಮ್ಮ ಎದೆ ಬಡಿದುಕೊಂಡಳು. ರಾಯರು ಅವಳಿಗೆ ಕೌನ್ಸಿಲರ್ ಮೇಲೆ ಇಷ್ಟು ಅಭಿಮಾನವೇ ಎಂದು ಮೆಚ್ಚಿ, ಅದನ್ನು ಬರೆದುಕೊಂಡು ಮುಂದಿನ ಮನೆಗೆ ಹೋದರು.

ಕನ್ನಿಯಪ್ಪನ್ ಮನೆಗೆ ಬೀಗ. ಸೆಲ್‌ಫೋನ್ ಸ್ವಿಚ್ಡ್ ಆಫ್. ನಿಜಕ್ಕೂ ಅವರು ಮೊಮ್ಮಗಳ ಮುಡಿ ಕೊಡಿಸಲು, ಕಿವಿ ಚುಚ್ಚಿಸಲು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ತಿರುತ್ತಣಿಗೆ ಹೋಗಿದ್ದರು. ಅದು ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಕಥೆ ಪೂರ್ತಿಯಾಗಿ ಸಿದ್ಧವಾಯಿತು. ಎದೆನೋವಂತೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅಂತೆ. ಮಾಧವರಂನಲ್ಲಿರುವ ಹೆಂಡತಿಯ ತವರಿಗೆ ಕೊಂಡೊಯ್ದಿದ್ದಾರಂತೆ. "ಯಾರು ಹೇಳಿದ್ದು?" ಎಂದು ಕೇಳಿದವರಿಗೆ, "ಇನ್ಶೂರೆನ್ಸ್ ರಾಯರೇ ವಿಚಾರಿಸ್ಕೊಂಡು ಹೋದ್ರು" ಎಂದರೆ ಸಾಕು, ಅವರು ಚಪ್ಪಲಿ ಬಿಟ್ಟು ನಿಂತು ಕೈಮುಗಿಯುತ್ತಿದ್ದರು. ರಾಯರು ಸುಳ್ಳು ಸಾವಿಗೆ ಬರುವವರಲ್ಲ ಎಂಬ ಕೀರ್ತಿ ಅಷ್ಟಿತ್ತು.

ಕನ್ನಿಯಪ್ಪನ್ ಹಿಂಬಾಲಕರು ಮಧುರಾಳ ಅಂಗಡಿಗೆ ನುಗ್ಗಿದರು. ಸಂಜೆಗೆ ಬೀದಿಯ ಬಾಯಿಯಲ್ಲಿ ಹನ್ನೆರಡಡಿಯ ಬ್ಯಾನರು ಎದ್ದಿತು. "ಕಣ್ಣೀರ್ ಅಂಜಲಿ", ಕಪ್ಪು ಅಂಚು, ಎರಡು ಬದಿಗೆ ಎರಡು ದೀಪ, ನಡುವೆ ಕಿವಿಗೆ ಸೆಲ್‌ಫೋನ್ ಹಿಡಿದು ನಗುತ್ತಿರುವ ಅದೇ ಕನ್ನಿಯಪ್ಪನ್. ಬೇರೆ ಫೋಟೊ ಮಧುರಾ ಹತ್ತಿರ ಇರಲಿಲ್ಲ.

ಗುರುವಾರ ಬೆಳಿಗ್ಗೆ ನೀರಿನ ಲಾರಿ ಬಂತು. ಡ್ರೈವರ್ ಬ್ಯಾನರ್ ನೋಡಿ ಇಳಿದ, ತಲೆಗೆ ಕಟ್ಟಿದ್ದ ಟವಲು ಬಿಚ್ಚಿದ, ಎರಡು ನಿಮಿಷ ಮೌನವಾಗಿ ನಿಂತ, "ಇನ್ನು ಈ ಬೀದಿಗೆ ಯಾರಿದ್ದಾರೆ" ಎಂದು ಕಣ್ಣೊರೆಸಿಕೊಂಡು ಲಾರಿ ತಿರುಗಿಸಿಕೊಂಡು ಹೋದ. ನಲವತ್ತು ಬಿಂದಿಗೆಗಳು ಸಾಲಾಗಿ ಬಾಯಿ ಬಿಟ್ಟುಕೊಂಡು ಉಳಿದವು. ಜಯಲಕ್ಷ್ಮಮ್ಮನವು ಅದರಲ್ಲಿ ನಾಲ್ಕು.

ಅದಾಗಿ ಅರ್ಧ ಗಂಟೆಗೆ ಆಟೊದಿಂದ ಕನ್ನಿಯಪ್ಪನ್ ಇಳಿದರು. ಮೊಮ್ಮಗಳ ಜೊತೆ ತಾವೂ ಮುಡಿ ಕೊಟ್ಟಿದ್ದರು. ನುಣ್ಣನೆಯ ತಲೆ, ಅದರ ಮೇಲೆ ಗಂಧ. ಬ್ಯಾನರಿನ ಕೆಳಗೆ ನಿಂತು ಮೇಲೆ ನೋಡುತ್ತಿದ್ದ ಅವರನ್ನು ಕಂಡು, ಬೇರೆ ಬೀದಿಯ ಮುದುಕರೊಬ್ಬರು ಹೆಗಲ ಮೇಲೆ ಕೈಯಿಟ್ಟು, "ಪಾವಂ, ತಮ್ಮನಾ ನೀವು? ಮುಖದಲ್ಲಿ ಹೋಲಿಕೆ ಇದೆ. ಒಳ್ಳೆ ಮನುಷ್ಯ, ಹೋದ" ಎಂದು ಸಮಾಧಾನ ಹೇಳಿದರು.

ಕನ್ನಿಯಪ್ಪನ್ ಆ ಕೈಯನ್ನು ಮೆಲ್ಲಗೆ ಸರಿಸಿದರು. ಬ್ಯಾನರಿನ ತಳದಲ್ಲಿ "ಶೋಕತಪ್ತರು" ಎಂದಿದ್ದ ಹೆಸರುಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದರು. ಎರಡು ಸಲ ಓದಿದರು. ಆಮೇಲೆ ಗರ್ಜಿಸಿದರು: "ವ್ಯಾಪಾರಿ ಸಂಘದವರ ಹೆಸರೆಲ್ಲಿ? ನಾನು ಸತ್ತರೆ ಅವರಿಗೆ ದುಃಖ ಇಲ್ಲವಾ?"

ಬೀದಿಗೆ ಬೀದಿಯೇ ಓಡಿ ಬಂತು. ಸಾಕಮ್ಮ ಬ್ಯಾನರಿಗೆಂದು ಕಟ್ಟಿದ್ದ ಹಾರವನ್ನು ಕೊರಳಿಗೇ ಹಾಕಿಬಿಟ್ಟಳು. ಯಾರೋ ಪತ್ರಿಕೆಗಳಿಗೆ ಫೋನ್ ಮಾಡಿದರು. ಶುಕ್ರವಾರ ನಾಲ್ಕು ಪತ್ರಿಕೆಗಳಲ್ಲಿ ಬ್ಯಾನರೂ ಬೋಳುತಲೆಯೂ ಒಟ್ಟಿಗೆ ಕಾಣುವ ಫೋಟೊದೊಂದಿಗೆ ಸುದ್ದಿ ಬಂತು: ತನ್ನ ಕಣ್ಣೀರ್ ಅಂಜಲಿಯನ್ನು ತಾನೇ ಓದಿದ ಕೌನ್ಸಿಲರ್.

ಶುಕ್ರವಾರ ಮಧ್ಯಾಹ್ನ, ಚರ್ಚೆಯ ಕೊನೆಯ ದಿನ, ಕನ್ನಿಯಪ್ಪನ್ ಆ ನಾಲ್ಕೂ ಪತ್ರಿಕೆ ಹಿಡಿದುಕೊಂಡು ರಾಯರ ಮನೆಗೆ ಬಂದರು. ಹಿಂದೆ ಮಧುರಾ. ಜಯಲಕ್ಷ್ಮಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಮಂಗಳವಾರದ ನೀರು ಒಂದೇ ಬಿಂದಿಗೆ ಉಳಿದಿತ್ತು. ಅದರಲ್ಲೇ ಒಂದು ಲೋಟ ಬಗ್ಗಿಸಿ ಬಂದವರಿಗೆ ಕೊಟ್ಟರು.

"ರಾಯರ್ ಸಾರ್," ಎಂದರು ಕನ್ನಿಯಪ್ಪನ್, ತಮಿಳಿನಲ್ಲಿ, ಮೆಲ್ಲಗೆ, "ನನ್ನನ್ನ ಕೊಂದದ್ದು ನೀವೇ ಅಂತ ಗೊತ್ತಾಯಿತು. ಇರಲಿ. ನನ್ನ ಪುಟ ಅಳಿಸಿ ಅಂದದ್ದೂ ನೀವೇ ಅಂತೆ. ಯಾಕೆ ಸಾರ್? ನಾನೇನು ಕಳ್ಳನಾ?"

"ಛೆ ಛೆ! ಕಳ್ಳನಾಗಿದ್ದರೆ ಪತ್ರಿಕೆಯವರು ಬರೆದಿರುತ್ತಿದ್ದರು, ಪುಟ ಉಳಿಯುತ್ತಿತ್ತು" ಎಂದರು ರಾಯರು ಪ್ರಾಮಾಣಿಕವಾಗಿ.

"ಈಗ ಬರೆದಿದ್ದಾರಲ್ಲ! ನಾಲ್ಕು ಪೇಪರ್. ನನ್ನ ನೆಂಟರು ಯಾರೂ ಅಲ್ಲ."

ರಾಯರು ಕನ್ನಡಕ ಏರಿಸಿ ನಾಲ್ಕನ್ನೂ ಓದಿದರು. "ಇವರು ನಿಮ್ಮ ಸಾವಿನ ಬಗ್ಗೆ ಬರೆದಿದ್ದಾರೆ, ಅದೂ ಆಗದ ಸಾವು. ಒಂದು ಘಟನೆಯಿಂದ ಒಂದು ದಿನ ಸುದ್ದಿಯಾದವರು ಲೆಕ್ಕಕ್ಕೆ ಬರುವುದಿಲ್ಲ ಅಂತ ನಿಯಮ. ನಿಮ್ಮ ಕೆಲಸದ ಬಗ್ಗೆ ಯಾರಾದರೂ ಬರೆದಿದ್ದಾರೆಯೇ?"

ಕನ್ನಿಯಪ್ಪನ್ ಪತ್ರಿಕೆಗಳನ್ನು ಮಡಿಸಿದರು. ಲೋಟದ ನೀರನ್ನು ನೋಡುತ್ತ ಹೇಳಿದರು: "ಹನ್ನೊಂದು ವರ್ಷ ಸಾರ್. ಈ ಬೀದಿಯ ಚರಂಡಿಯೊಳಗೆ ನಾನೇ ಇಳಿದಿದ್ದೇನೆ. ಬೇಸಿಗೆ ಬಂದರೆ ಆ ಡ್ರೈವರಿಗೆ ದಿನಾ ಫೋನ್ ಮಾಡಿ ಅವನ ಹೆಂಡತಿ ಮಕ್ಕಳನ್ನೆಲ್ಲ ವಿಚಾರಿಸ್ತೇನೆ, ಲಾರಿ ಒಳಗೆ ಬರಲಿ ಅಂತ. ಒಬ್ಬನೂ ಒಂದು ಸಾಲು ಬರೆಯಲಿಲ್ಲ. ಅರ್ಧ ದಿನ ಸತ್ತೆ, ನಾಲ್ಕು ಪೇಪರ್. ಆ ಕಂಪ್ಯೂಟರ್‌ನಲ್ಲಾದರೂ ಇರಲಿ ಅಂದುಕೊಂಡೆ."

ರಾಯರು ಕನ್ನಡಕ ತೆಗೆದು ಒರೆಸಿದರು. ಆದರೂ ಅವರು ಮೂವತ್ತನಾಲ್ಕು ವರ್ಷ ತಪ್ಪು ಕಡತಕ್ಕೆ ಸಹಿ ಹಾಕಿದವರಲ್ಲ. "ಕನ್ನಿಯಪ್ಪನ್, ನನಗೆ ಬೇಜಾರಿದೆ. ಆದರೆ ಕ್ಲೇಮು..." ಎನ್ನುವಷ್ಟರಲ್ಲಿ ಜಯಲಕ್ಷ್ಮಮ್ಮ ಮುಂದೆ ಬಂದರು.

"ಒಂದ್ನಿಮಿಷ ಇರಿ. ನಿಮ್ಮ ಫಾರಂನಲ್ಲಿ ಕೊನೇ ಸಾಲು ಏನು?"

"ಸಂಬಂಧಿಕರಲ್ಲದ, ಲಾಭವಿಲ್ಲದ..."

"ಲಾಭ ಇಲ್ಲದ. ಹನ್ನೊಂದು ವರ್ಷದಿಂದ ಬೇಸಿಗೆಯಲ್ಲಿ ನೀವು ಸ್ನಾನ ಮಾಡಿದ್ದು, ಸಂಧ್ಯಾವಂದನೆ ಮಾಡಿದ್ದು, ಕಾಫಿ ಕುಡಿದದ್ದು ಯಾರು ತರಿಸಿದ ನೀರಿನಲ್ಲಿ? ಇವರ ಕಡತದ ಮೇಲೆ ಕೂತ್ಕೊಳ್ಳೋಕೆ ನಿಮಗೇನ್ರೀ ಅರ್ಹತೆ? ನಿಮ್ಮ ಆಫೀಸಿನಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನೀವೇ ಬರೆದು ಕಳಿಸ್ತಿರಲಿಲ್ವಾ?"

ರಾಯರು ಕುರ್ಚಿಯಲ್ಲಿ ಕುಸಿದರು. ಮುಖ ಬಿಳುಪೇರಿತು. ಕೊನೆಗೆ, "ಇದು ನನಗೆ ಹೇಗೆ ಹೊಳೆಯಲಿಲ್ಲ?" ಎಂದರು. ಆ ದನಿ ಕೇಳಿ ಕನ್ನಿಯಪ್ಪನ್ ತಮ್ಮ ಲೋಟದ ನೀರನ್ನೇ ಅವರ ಕೈಗೆ ಕೊಟ್ಟರು. ರಾಯರು ಅದನ್ನು ಕುಡಿಯಲು ಹೋಗಿ, ಲಾಭ ಎಂದು ನೆನಪಾಗಿ, ಕೆಳಗಿಟ್ಟರು.

ನಾಲ್ವರೂ ಮಧುರಾಳ ಸೆಂಟರಿಗೆ ನಡೆದರು. ಮೂರನೇ ಸಿಸ್ಟಂನಲ್ಲಿ ರಾಯರು ಒಂದೊಂದೇ ಅಕ್ಷರ ಒತ್ತಿ, ತಮ್ಮ ಅಭಿಪ್ರಾಯದ ಮೇಲೆ ಗೆರೆ ಎಳೆದು, ಕೆಳಗೆ ಬರೆದರು: "ನಾನು ಈ ವ್ಯಕ್ತಿ ತರಿಸಿದ ನೀರು ಕುಡಿಯುತ್ತೇನೆ. ನನ್ನ ಮಾತನ್ನು ಪರಿಗಣಿಸಬಾರದು. ಕ್ಷಮೆ ಇರಲಿ."

"ಅಂದ್ರೆ ಪುಟ ಉಳೀತಾ?" ಎಂದು ಮಧುರಾ ಕೇಳಿದಳು.

ನೋಡಿದರೆ ರಾಯರ ಮಾತಿನ ಮೇಲ್ಗಡೆ ಇನ್ನೂ ಐವರು ಬರೆದಿದ್ದರು. ಎಲ್ಲರದೂ ಅದೇ: ಕ್ಲೇಮು ತಿರಸ್ಕೃತ. ಮೊದಲನೆಯವನು ನಾರ್ವೆಯವನು.

"ಈ ಆಳಿಗೆ ನನ್ನ ಮೇಲೆ ಏನು ಸಿಟ್ಟು?" ಎಂದರು ಕನ್ನಿಯಪ್ಪನ್.

"ಸಿಟ್ಟಿಲ್ಲ. ಅವನು ನಿಮ್ಮಿಂದ ಯಾವ ಲಾಭವೂ ಇಲ್ಲದವನು."

"ಅದು ಸರಿ. ಅವನಿಗೆ ನೀರು ನಮ್ಮ ವಾರ್ಡಿಂದ ಹೋಗಲ್ಲವಲ್ಲ" ಎಂದು ಕನ್ನಿಯಪ್ಪನ್ ತಮ್ಮ ಬೋಳುತಲೆ ಸವರಿಕೊಂಡು, ಸೆಲ್‌ಫೋನ್ ಕಿವಿಗಿಟ್ಟುಕೊಂಡು ಹೊರಗೆ ಹೋದರು. ಯಾರಿಗೆ ಫೋನು, ಏನು ಹೇಳಿದರು, ಯಾರಿಗೂ ಕೇಳಿಸಲಿಲ್ಲ.

ಶನಿವಾರ ಬೆಳಗಾಗುವಷ್ಟರಲ್ಲಿ ಪುಟ ಹೋಗಿತ್ತು. ಜಯಲಕ್ಷ್ಮಮ್ಮ ಖಾಲಿ ಬಿಂದಿಗೆಗಳನ್ನು ಹೊರಗಿಟ್ಟು ಬೀದಿಯ ಬಾಯಿಯನ್ನೇ ನೋಡುತ್ತ ನಿಂತರು. ಆರೂವರೆ ದಾಟಿತು. ಏಳಕ್ಕೆ ಐದು ನಿಮಿಷ ಇರುವಾಗ ಲಾರಿ ಹಿಮ್ಮುಖವಾಗಿ ಒಳಗೆ ಬಂತು. ಅದರ ಹಿಂದೆ ನಡೆದುಕೊಂಡು, "ಬಾ, ಬಾ, ಬಲಕ್ಕೆ ತಿರುಗಿಸು" ಎಂದು ಕೈ ಬೀಸುತ್ತ ಕನ್ನಿಯಪ್ಪನ್ ಬಂದರು. ಲಾರಿಯ ನಲ್ಲಿಯ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತರು. ಒಬ್ಬೊಬ್ಬರೇ ಹಿಡಿದುಕೊಂಡು ಹೋದರು. ಜಯಲಕ್ಷ್ಮಮ್ಮನ ಸರದಿ ಬಂದಾಗ ಬಿಂದಿಗೆ ಹೊತ್ತು ತಂದಿದ್ದ ರಾಯರನ್ನು ಕನ್ನಿಯಪ್ಪನ್ ತಡೆದರು.

"ನಿಲ್ಲಿ ಸಾರ್. ನೀವು ಈ ಬೀದಿಯವರು ಅನ್ನೋದಕ್ಕೆ ಆಧಾರ?"

ಬೀದಿಯೆಲ್ಲ ರಾಯರತ್ತ ತಿರುಗಿತು.

"ನಲವತ್ತು ವರ್ಷದಿಂದ ಇಲ್ಲೇ..." ಎಂದರು ರಾಯರು.

"ಅದು ನೀವು ಹೇಳೋದು. ಬೇರೆಯವರು ಹೇಳಬೇಕು. ನೆಂಟರಲ್ಲದವರು ಇಬ್ಬರು. ಮಾಮಿ ಸಾಕ್ಷಿ ನಡೆಯಲ್ಲ."

ಬಿಂದಿಗೆ ಹಿಡಿದವರೆಲ್ಲ ಗೊಳ್ಳೆಂದರು. ರಾಯರು ಮಾತ್ರ ನಗಲಿಲ್ಲ. ಅವರ ಮುಖ ಅರಳುತ್ತ ಬಂತು. ಮೂವತ್ತನಾಲ್ಕು ವರ್ಷದಲ್ಲಿ ತಮ್ಮ ಫಾರಂ ಅನ್ನು ಇಷ್ಟು ಸರಿಯಾಗಿ ಅರ್ಥಮಾಡಿಕೊಂಡ ಒಬ್ಬ ಮನುಷ್ಯನನ್ನು ಅವರು ಕಂಡಿರಲಿಲ್ಲ. "ಸರಿಯಾದ ಪ್ರಶ್ನೆ!" ಎಂದರು.

"ನಾನ್ ಯೇಳ್ತೀನಿ, ಇವ್ರು ಈ ಬೀದಿಯೋರೇ" ಎಂದಳು ಸಾಕಮ್ಮ, ಲಾರಿಯ ಆ ಕಡೆಯಿಂದ. "ಇಲ್ದಿದ್ರೆ ಬದುಕಿರೋರ್ನ ಇಷ್ಟ್ ಸಲೀಸಾಗಿ ಸಾಯ್ಸಾಕ್ ಆಯ್ತಿತ್ತಾ?"

"ಒಂದು ಸಾಕ್ಷಿ ಆಯಿತು" ಎಂದು ಕನ್ನಿಯಪ್ಪನ್ ಬೆರಳು ಮಡಿಸಿದರು. "ಇನ್ನೊಂದು?"

"ನಾನ್ ಇರುಕ್ಕೇನ್!" ಎಂದು ಮಧುರಾ ಕೈಯೆತ್ತಿದಳು.

"ಬೇಡಮ್ಮ, ನೀನು ಬೇಡ" ಎಂದರು ರಾಯರು. "ದಿನಾ ನಿನ್ನ ಸೆಂಟರಿಗೆ ಬರುವವನು ನಾನು. ನಿನಗೆ ಲಾಭವಿದೆ." ಬಿಂದಿಗೆಯನ್ನು ಹೆಂಡತಿಯ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿ, ಲಾಭವಿಲ್ಲದ ಎರಡನೆಯವರನ್ನು ಹುಡುಕಿಕೊಂಡು ಬೀದಿಯುದ್ದಕ್ಕೂ ಹೊರಟರು.

"ಹೋಗಲಿ ಬಿಡಿ ಮಾಮಿ," ಎಂದು ಕನ್ನಿಯಪ್ಪನ್ ನಲ್ಲಿ ತಿರುಗಿಸಿದರು, "ಅವರು ಬರೋದರೊಳಗೆ ನಾಲ್ಕೂ ತುಂಬಿಸ್ಕೊಳ್ಳಿ."